ಬೇಸಿಗೆ ರಜೆಯಲ್ಲೂ ಶಾಲೆಯ ಬಾಗಿಲು ತೆರೆದಿರಲಿ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ಪರೀಕ್ಷೆ ಮುಗಿದು ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗಳಿಗೆ ರಜೆ ಸಿಗುತ್ತದೆ. ಅದಕ್ಕೂ ಮೊದಲೇ ಈ ಪತ್ರ ನಿಮ್ಮ ಕೈ ಸೇರಲಿ ಅಂತ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ನಮ್ಮ ಜಿಲ್ಲೆಯ ಸರ್ಕಾರಿ ಶಾಲೆಗಳು ಈ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ತೆರೆದಿರಲಿ. ಪಾಠಕ್ಕಲ್ಲ. ಆಟಕ್ಕೆ, ಹೊತ್ತಿಗೆ ಸರಿಯಾದ ಊಟಕ್ಕೆ.

ನಾನು ದಾವಣಗೆರೆಯ ಅನುದಾನಿತ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಜೂನ್ ತಿಂಗಳು ಹೇಗಿರುತ್ತದೆ ಅಂತ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ಮಾರ್ಚ್‌ನಲ್ಲಿ ಖೋಖೋ ಅಂಕಣದಲ್ಲಿ ಚಂಗನೆ ಎದ್ದು ಓಡುತ್ತಿದ್ದ ಹುಡುಗ, ಜೂನ್‌ನಲ್ಲಿ ಮೈದಾನ ಒಂದು ಸುತ್ತು ಹಾಕುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಸಮವಸ್ತ್ರದ ಗುಂಡಿ ಹಾಕಲು ಬರುವುದಿಲ್ಲ. ಬೆಳೆಯುವ ಮಕ್ಕಳು, ಬಟ್ಟೆ ಬಿಗಿಯಾಗೋದು ಸಹಜ ಅಲ್ವಾ ಸಾರ್ ಅಂತ ತಂದೆ ತಾಯಿ ಹೇಳುತ್ತಾರೆ. ಎತ್ತರ ಬೆಳೆದರೆ ಪ್ಯಾಂಟು ಗಿಡ್ಡ ಆಗಬೇಕು. ಸೊಂಟದಲ್ಲಿ ಮಾತ್ರ ಬಿಗಿಯಾದರೆ ಅದು ಬೇರೆ ವಿಷಯ.

ಇದನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ 18 ಸಾವಿರಕ್ಕೂ ಹೆಚ್ಚು ಮಕ್ಕಳ ಎತ್ತರ, ತೂಕವನ್ನು ಒಂದನೇ ತರಗತಿಗೂ ಹಿಂದಿನ ವರ್ಷದಿಂದ ಎರಡನೇ ತರಗತಿವರೆಗೆ ಮತ್ತೆ ಮತ್ತೆ ದಾಖಲಿಸಿದರು. ಶುರುವಿನಲ್ಲಿ ಬೊಜ್ಜಿನ ಮಕ್ಕಳು ಶೇ 8.9ರಷ್ಟು ಇದ್ದರು. ಕೊನೆಗೆ ಶೇ 11.5 ಆದರು. ಈ ಏರಿಕೆಯೆಲ್ಲ ಆಗಿದ್ದು ನಡುವೆ ಬಂದ ಎರಡು ಬೇಸಿಗೆ ರಜೆಗಳಲ್ಲಿ. ಶಾಲೆ ನಡೆಯುವ ತಿಂಗಳುಗಳಲ್ಲಿ ಏರಲೇ ಇಲ್ಲ. ಅದಕ್ಕೂ ಮೊದಲು, 2007ರ ಇನ್ನೊಂದು ಅಧ್ಯಯನದಲ್ಲೂ ಇದೇ ಕಂಡಿತ್ತು. ಮೊದಲೇ ದಪ್ಪಗಿದ್ದ ಮಕ್ಕಳಿಗೆ ರಜೆಯ ಹೊಡೆತ ಇನ್ನೂ ಜಾಸ್ತಿ ಅಂತ ಅದು ತೋರಿಸಿತು.

ಶಾಲೆಯಲ್ಲಿ ಕೂತು ಕೂತು ಮಕ್ಕಳು ದಪ್ಪ ಆಗುತ್ತಾರೆ, ರಜೆಯಲ್ಲಿ ಓಡಾಡಿ ಕರಗುತ್ತಾರೆ ಅನ್ನುವುದು ಬಹಳ ಜನರ ನಂಬಿಕೆ. ಲೆಕ್ಕ ಅದಕ್ಕೆ ತಿರುಗಿ ನಿಂತಿದೆ. ಯಾಕೆ ಅನ್ನುವುದಕ್ಕೆ ಅಲ್ಲಿನ ದಕ್ಷಿಣ ಕೆರೊಲಿನಾದ ಸಂಶೋಧಕರು 2017ರಲ್ಲಿ ಒಂದು ವಿವರಣೆ ಕೊಟ್ಟರು. ಶಾಲೆಯ ದಿನಕ್ಕೆ ಒಂದು ಕಟ್ಟು ಇರುತ್ತದೆ. ಇಷ್ಟು ಹೊತ್ತಿಗೆ ಏಳಬೇಕು, ಇಷ್ಟು ಹೊತ್ತಿಗೆ ತಿನ್ನಬೇಕು, ನಡುವೆ ಬಾಯಾಡಿಸಲು ಏನೂ ಸಿಗಲ್ಲ, ಆಟದ ಪೀರಿಯಡ್ ಇರುತ್ತದೆ, ಟಿವಿ ಮೊಬೈಲ್ ಇರುವುದಿಲ್ಲ. ಈ ಕಟ್ಟು ಬಿಚ್ಚಿದ ದಿನ ನಿದ್ದೆ, ಊಟ, ಆಟ ಮೂರೂ ಒಟ್ಟಿಗೆ ಹಳಿ ತಪ್ಪುತ್ತವೆ.

ಅವರ ರಜೆ ಸುಮಾರು ಎರಡೂವರೆ ತಿಂಗಳು, ನಮ್ಮದು ಏಳು ವಾರ. ಅಲ್ಲಿನ ಅಂಕಿಗಳನ್ನು ಹಾಗೇ ತಂದು ದಾವಣಗೆರೆಗೆ ಅಂಟಿಸಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಕಾರಣಗಳು ಇಲ್ಲಿಯವೇ.

ನಿಟುವಳ್ಳಿಯಲ್ಲೋ ಆಜಾದ್ ನಗರದಲ್ಲೋ ಮೇ ತಿಂಗಳ ಒಂದು ಮಧ್ಯಾಹ್ನ ಬೀದಿಯಲ್ಲಿ ನಡೆದು ನೋಡಿ. ಮಕ್ಕಳೇ ಕಾಣುವುದಿಲ್ಲ. ಅಪ್ಪ ಎಪಿಎಂಸಿಯಲ್ಲಿ ಹಮಾಲಿಗೋ, ಆಟೋ ಓಡಿಸಲೋ ಹೋಗಿರುತ್ತಾನೆ. ಅಮ್ಮ ಮಂಡಕ್ಕಿ ಭಟ್ಟಿಯಲ್ಲೋ, ಮನೆಗೆಲಸದಲ್ಲೋ, ಬೀಡಿ ಕಟ್ಟುತ್ತಲೋ ಇರುತ್ತಾಳೆ. ಬಿಸಿಲು, ಹೊರಗೆ ಹೋಗಬೇಡ ಅಂತ ಹೇಳಿ ಹೋಗಿರುತ್ತಾಳೆ. ಆ ತಾಯಿಯ ಭಯ ಸರಿಯಾದದ್ದೇ. ರಸ್ತೆಯಲ್ಲಿ ವಾಹನ, ಊರ ಹೊರಗೆ ಭದ್ರಾ ನಾಲೆ. ಹಾಗಾಗಿ ಮಗು ಒಳಗೆ ಮೊಬೈಲ್ ಹಿಡಿದು ಕೂರುತ್ತದೆ. ರಾತ್ರಿ ಹನ್ನೆರಡಕ್ಕೆ ಮಲಗಿ ಬೆಳಿಗ್ಗೆ ಹತ್ತಕ್ಕೆ ಏಳುತ್ತದೆ. ತಿಂಡಿ ತಪ್ಪಿತು. ಬೀದಿ ಕೊನೆಯ ಅಂಗಡಿಯಿಂದ ಐದು ರೂಪಾಯಿ, ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್. ಬಾಯಾರಿದರೆ ತಂಪು ಪಾನೀಯ. 250 ಮಿಲಿಲೀಟರ್ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ, ಅಂದ್ರೆ ಐದಾರು ಚಮಚ. ಟೀಗೆ ಅಷ್ಟು ಸಕ್ಕರೆ ಯಾವ ತಾಯಿಯೂ ಹಾಕಿ ಕೊಡುವುದಿಲ್ಲ.

ನಮ್ಮೂರಿನ ತಿಂಡಿಗಳನ್ನು ದೂರುವವರು ಇದ್ದಾರೆ. ನಾನು ಅವರ ಪೈಕಿ ಅಲ್ಲ. ವಾರಕ್ಕೊಮ್ಮೆ ಬೆಣ್ಣೆ ದೋಸೆ ತಿಂದು, ಸಂಜೆ ಹೈಸ್ಕೂಲ್ ಮೈದಾನದಲ್ಲಿ ಕಬಡ್ಡಿ ಆಡಿದ ಮಗುವಿಗೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಹೊತ್ತು ಗೊತ್ತಿಲ್ಲದೆ ದಿನವಿಡೀ ಬಾಯಾಡಿಸುವುದರಲ್ಲಿ.

ದುಡ್ಡಿರುವವರು ಇದಕ್ಕೆ ದಾರಿ ಹುಡುಕಿಕೊಂಡಿದ್ದಾರೆ. ವಿದ್ಯಾನಗರ, ಎಂಸಿಸಿ ಬಡಾವಣೆ ಕಡೆ ಖಾಸಗಿ ಬೇಸಿಗೆ ಶಿಬಿರಗಳಿವೆ. ಸಾವಿರಾರು ರೂಪಾಯಿ ಶುಲ್ಕ. ಅವೂ ದಿನಕ್ಕೆ ಎರಡು ಗಂಟೆ, ಹತ್ತು ಹದಿನೈದು ದಿನ. ಉಳಿದ ಒಂದು ತಿಂಗಳು? ಶಿಬಿರ ಮುಗಿದ ಮೇಲೆ ಮಧ್ಯಾಹ್ನದಿಂದ ರಾತ್ರಿವರೆಗೆ? ಅದಕ್ಕೆ ಉತ್ತರ ಇಲ್ಲ. ಕೆಲವು ಶಿಬಿರಗಳಲ್ಲಿ ಮಕ್ಕಳನ್ನು ಅಬಾಕಸ್, ಕೈಬರಹ ಅಂತ ಸುಮ್ನೆ ಕೂರಿಸುತ್ತಾರೆ. ನಡುವೆ ಕ್ರೀಮ್ ಬಿಸ್ಕತ್ತು, ಜ್ಯೂಸ್ ಪೊಟ್ಟಣ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಸಿಗೆ ಶಿಬಿರ ಅಂತ ಬೋರ್ಡು ಹಾಕುವ ಜಾಗದಲ್ಲಿ ಅಷ್ಟಾದರೂ ಸಿಗಬೇಕು.

ನಮ್ಮ ಜಿಲ್ಲೆಯ ತೊಂದರೆ ಅಪೌಷ್ಟಿಕತೆ, ಬೊಜ್ಜಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಜಗಳೂರು ಕಡೆಯ ಹಳ್ಳಿಗಳನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ದೇಶದಲ್ಲಿ ಐದರೊಳಗಿನ ದಪ್ಪ ಮಕ್ಕಳ ಪ್ರಮಾಣ ಶೇ 2.1ರಿಂದ 3.4ಕ್ಕೆ ಏರಿದ್ದೂ ಇದೆ. ಐದರಿಂದ ಹತ್ತೊಂಬತ್ತು ವರ್ಷದವರಲ್ಲಿ ಜಗತ್ತಿನಾದ್ಯಂತ ಕಡಿಮೆ ತೂಕದವರಿಗಿಂತ ಬೊಜ್ಜಿನವರೇ ಹೆಚ್ಚಾಗಿದ್ದಾರೆ ಅಂತ 2025ರಲ್ಲಿ ಯುನಿಸೆಫ್ ಹೇಳಿದೆ. ಎರಡೂ ಬಗೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾರೆ, ಸಾರ್. ರಜೆ ಇಬ್ಬರಿಗೂ ಕೆಟ್ಟದ್ದು. ಒಬ್ಬನಿಗೆ ಬಿಸಿಯೂಟ, ಹಾಲು, ಮೊಟ್ಟೆ ನಿಲ್ಲುತ್ತದೆ. ಇನ್ನೊಬ್ಬನಿಗೆ ಆಟ ನಿಲ್ಲುತ್ತದೆ, ಕುರುಕಲು ಶುರುವಾಗುತ್ತದೆ. ಎಷ್ಟೋ ಬಾರಿ ಒಂದೇ ಮಗುವಿಗೆ ಎರಡೂ ಆಗುತ್ತದೆ. ಅನ್ನ, ಸಾರು, ಕಾಳು ಇದ್ದ ಜಾಗಕ್ಕೆ ಪ್ಯಾಕೆಟ್ ಬರುತ್ತದೆ. ಹಾಗಾಗಿ ಹೊತ್ತಿಗೆ ಸರಿಯಾದ ಊಟ ಮತ್ತು ಆಟ ಇರುವ ಒಂದು ಶಿಬಿರ ಇಬ್ಬರಿಗೂ ಔಷಧ.

ಇದು ಆಗದ ಕೆಲಸ ಅಲ್ಲ. 2024ರ ಬರದ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಲು ಸರ್ಕಾರ ಆದೇಶ ಮಾಡಿತ್ತು. ಅಡುಗೆ ಕೋಣೆ ಇದೆ, ಪಾತ್ರೆ ಇದೆ. ಅಡುಗೆಯ ಅಕ್ಕಂದಿರಿಗೆ ವರ್ಷಕ್ಕೆ ಹತ್ತು ತಿಂಗಳು ಮಾತ್ರ ಗೌರವಧನ. ಉಳಿದೆರಡು ತಿಂಗಳು ಕೈಯಲ್ಲಿ ಕಾಸಿಲ್ಲ. ಅತಿಥಿ ಶಿಕ್ಷಕರ ಪಾಡೂ ರಜೆಯಲ್ಲಿ ಹಾಗೇ. ಅವರಿಗೆ ಏಳು ವಾರದ ಗೌರವಧನ ಹೊಂದಿಸಿದರೆ ಶಿಬಿರಕ್ಕೆ ಬೇಕಾದ ಕೈಗಳು ಸಿಕ್ಕಂತೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿವೆ, ಅಂದ್ರೆ ಗ್ರಂಥಾಲಯಗಳು. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದ ಜಾಗವೇ ಇದೆ. ಊರ ಗರಡಿ ಮನೆಗಳ ಉಸ್ತಾದರನ್ನು ಕರೆದರೆ ಸಂತೋಷದಿಂದ ಬರುತ್ತಾರೆ. ಬಸ್ಕಿ, ದಂಡ ಹೊಡೆಸಲು ಅವರಿಗಿಂತ ಬೇರೆ ಯಾರು ಬೇಕು? 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಇತ್ತು. ಆ ಹೆಮ್ಮೆ ನನಗೂ ಇದೆ. ಅಂಥ ಊರಿಗೆ ಇದು ದೊಡ್ಡ ಕೆಲಸವೇ ಅಲ್ಲ.

ದಿನ ಹೇಗಿರಬೇಕು ಅಂತ ನನಗೊಂದು ಲೆಕ್ಕಾಚಾರ ಇದೆ. ಬೆಳಿಗ್ಗೆ ಏಳಕ್ಕೆ ಮಕ್ಕಳು ಬರಲಿ. ಬಿಸಿಲು ಏರುವ ಮೊದಲು, ಒಂಬತ್ತರ ಒಳಗೆ ಲಗೋರಿ, ಖೋಖೋ, ಚಿನ್ನಿದಾಂಡು ಮುಗಿಯಲಿ. ಆಮೇಲೆ ತಿಂಡಿ. ಬಿಸಿಲ ಹೊತ್ತಿನಲ್ಲಿ ಒಳಗೆ ಕತೆ, ನಾಟಕ, ಚಿತ್ರ. ಮಧ್ಯಾಹ್ನ ಬಿಸಿಯೂಟ, ಚಿಕ್ಕವರಿಗೆ ಒಂದು ನಿದ್ದೆ. ಸಂಜೆ ಐದರ ಮೇಲೆ ಮತ್ತೆ ಮೈದಾನ, ಅಪ್ಪ ಅಮ್ಮ ಬಂದು ಕರೆದುಕೊಂಡು ಹೋಗುವವರೆಗೆ. ಕುಡಿಯಲು ನೀರು, ಮಜ್ಜಿಗೆ. ತಿನ್ನಲು ಕೋಸಂಬರಿ, ಬಾಳೆಹಣ್ಣು, ಶೇಂಗಾ ಚಿಕ್ಕಿ. ದಾನಿಗಳು ಬಿಸ್ಕತ್ತು, ಜ್ಯೂಸ್ ತಂದುಕೊಟ್ಟರೆ ಕೈಮುಗಿದು ಬೇಡ ಅನ್ನಿ. ದಿನ ಪೂರ್ತಿ ಇರಬೇಕು, ರಜೆ ಪೂರ್ತಿ ಇರಬೇಕು. ಹತ್ತು ದಿನ ನಡೆಸಿ, ಸಮಾರೋಪ ಮಾಡಿ, ಪ್ರಮಾಣಪತ್ರ ಹಂಚಿ ಮುಗಿಸುವುದಾದರೆ ಈ ತೊಂದರೆ ಹಾಗೇ ಉಳಿಯುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಇದನ್ನು ದಯವಿಟ್ಟು ತೂಕ ಇಳಿಸುವ ಶಿಬಿರ ಅಂತ ಕರೆಯಬೇಡಿ. ದಪ್ಪ ಮಕ್ಕಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸಬೇಡಿ. ಡುಮ್ಮ, ಡುಮ್ಮಿ ಅಂತ ಕರೆಸಿಕೊಂಡ ಮಕ್ಕಳು ಆಟಕ್ಕೇ ಬರುವುದಿಲ್ಲ. ಎಷ್ಟು ಮಕ್ಕಳು ಹಾಗೆ ಮೈದಾನದಿಂದ ದೂರ ಹೋದರು ಅನ್ನುವುದು ನೆನೆದರೆ ಈಗಲೂ ಸಂಕಟ ಆಗುತ್ತದೆ. ಬೆಳೆಯುವ ವಯಸ್ಸಿನ ಬಹುಪಾಲು ಮಕ್ಕಳು ತೂಕ ಇಳಿಸಲೇಬೇಕು ಅಂತಿಲ್ಲ. ತೂಕ ಏರದೆ ನಿಂತರೆ ಸಾಕು, ಎತ್ತರ ಬೆಳೆದಂತೆ ಮೈ ತಾನೇ ಸರಿಹೋಗುತ್ತದೆ.

ಜೊತೆಗೆ ಎರಡು ಸಲ ಎತ್ತರ, ತೂಕ ನೋಡಿಸಿ. ಮಾರ್ಚ್ ಕೊನೆಗೆ ಒಮ್ಮೆ, ಶಾಲೆ ಶುರುವಾದ ಮೇಲೆ ಒಮ್ಮೆ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹೇಗೂ ಶಾಲೆಗಳಿಗೆ ಬರುತ್ತವೆ. ತರಗತಿಯ ಮುಂದೆ ಯಾರ ತೂಕವನ್ನೂ ಓದಬಾರದು. ಶಿಬಿರಕ್ಕೆ ಬಂದ ಮಕ್ಕಳು, ಬಾರದ ಮಕ್ಕಳು ಇಬ್ಬರ ಲೆಕ್ಕವೂ ಇರಲಿ. ಆಗ ಅಮೆರಿಕದ ಅಂಕಿ ಹಿಡಿದು ವಾದ ಮಾಡುವ ಅಗತ್ಯವೇ ಇರುವುದಿಲ್ಲ, ದಾವಣಗೆರೆಯದ್ದೇ ಅಂಕಿ ನಿಮ್ಮ ಮೇಜಿನ ಮೇಲಿರುತ್ತದೆ.

ಈ ವರ್ಷ ಜಿಲ್ಲೆಯ ಎಲ್ಲ ಶಾಲೆಗಳಲ್ಲಿ ಆಗದಿದ್ದರೆ ಪ್ರತಿ ತಾಲ್ಲೂಕಿಗೆ ಒಂದೆರಡು ಶಾಲೆಗಳಿಂದ ಶುರು ಮಾಡಿ. ನಗರದಲ್ಲಿ ಕೂಲಿ ಕುಟುಂಬಗಳು ಹೆಚ್ಚಿರುವ ಬಡಾವಣೆಗಳಿಗೆ ಮೊದಲ ಅವಕಾಶ ಕೊಡಿ. ಶಿಕ್ಷಣ ಇಲಾಖೆ, ಜಿಲ್ಲಾ ಪಂಚಾಯಿತಿ, ಮಹಾನಗರ ಪಾಲಿಕೆ ಮತ್ತು ಆರೋಗ್ಯ ಇಲಾಖೆಯವರನ್ನು ಒಂದೇ ಸಭೆಗೆ ಕರೆದು ಮಾರ್ಚ್ ಒಳಗೆ ತೀರ್ಮಾನ ಮಾಡಿ. ನನ್ನಂತೆ ನಿವೃತ್ತರಾದ ದೈಹಿಕ ಶಿಕ್ಷಕರು ಈ ಊರಲ್ಲಿ ಹಲವರಿದ್ದೇವೆ. ಬೆಳಿಗ್ಗೆ ಏಳಕ್ಕೆ ಸೀಟಿ ಹಿಡಿದು ಬರಲು ಸಿದ್ಧರಿದ್ದೇವೆ, ಸಂಬಳ ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ
ದಾವಣಗೆರೆ