ಬೀಳ್ಕೊಡುಗೆಗೆ ಯಾವ ಹಾಡು?

ಮಾರ್ಚ್ ಬಂತೆಂದರೆ ಜಪಾನಿನ ಶಾಲೆಗಳಲ್ಲಿ ಸೊತ್ಸುಗ್ಯೋಶಿಕಿ, ಅಂದರೆ ಓದು ಮುಗಿಸಿದವರನ್ನು ಬೀಳ್ಕೊಡುವ ಸಮಾರಂಭ. ಇಲ್ಲಿನ ಶಾಲೆಗಳಲ್ಲಿ ಓದು ಮುಗಿಸುವ ನಮ್ಮ ಮಕ್ಕಳೂ ಆ ದಿನ ಗೆಳೆಯರ ಜೊತೆ ಸಾಲಾಗಿ ನಿಂತು ಹಾಡುತ್ತಾರೆ. ಊರಿಗೆ ಮರಳುವ ಕುಟುಂಬಗಳನ್ನು ಕಳಿಸಿಕೊಡುವ ಕೂಟಕ್ಕೂ ಒಂದು ಜಪಾನಿ ಹಾಡು ಬೇಕೆಂದು ಹಲವರು ಬಯಸುತ್ತಾರೆ. ಆಗ ಎಲ್ಲರೂ ಮೊದಲು ಹುಡುಕುವುದು ಯಾವುದು ಹೆಚ್ಚು ಜನಪ್ರಿಯ ಎಂದು. ಅದಕ್ಕೂ ಮೊದಲು ನೋಡಬೇಕಾದದ್ದು ಹಾಡುವವರ ಗಂಟಲನ್ನು.

‘ತಾಬಿದಾಚಿ ನೋ ಹಿ ನಿ’ ಹಾಡನ್ನೇ ನೋಡಿ. 1991ರಲ್ಲಿ ಸೈತಾಮಾ ಪ್ರಾಂತದ ಚಿಚಿಬುವಿನ ಕಾಗೆಮೊರಿ ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯ ಕೊಜಿಮಾ ನೊಬೊರು ಸಾಹಿತ್ಯ ಬರೆದರು, ಸಂಗೀತ ಶಿಕ್ಷಕಿ ಸಾಕಾಮೊತೊ ಹಿರೋಮಿ ರಾಗ ಹಾಕಿದರು. ಓದು ಮುಗಿಸಿ ಹೊರಡುವ ಮಕ್ಕಳಿಗಾಗಿ ಶಿಕ್ಷಕರೇ ನಿಂತು ಹಾಡಿದ ಹಾಡು ಇಂದು ದೇಶದ ಉದ್ದಗಲಕ್ಕೂ ಕೇಳುತ್ತದೆ. ಅದು ಶಾಲೆಗಳಲ್ಲಿ ಇಷ್ಟು ಹರಡಲು ಭಾವವೊಂದೇ ಕಾರಣವಲ್ಲ, ಅದರ ರಚನೆಯೂ ಕಾರಣ. ಹೆಚ್ಚು ಬಳಕೆಯಲ್ಲಿರುವುದು ಮೂರು ಭಾಗದ, ಅಂದರೆ ಮೂರು ಗುಂಪು ಒಟ್ಟಿಗೇ ಬೇರೆ ಬೇರೆ ಸ್ವರ ಹಾಡುವ, ಮಿಶ್ರ ಗಾಯನದ ರೂಪ: ಹೆಣ್ಣುದನಿಯ ಮೇಲಿನ ಭಾಗ ಸೊಪ್ರಾನೊ, ಕೆಳಗಿನದು ಆಲ್ಟೊ, ಹುಡುಗರದ್ದು ಒಂದೇ ಭಾಗ. ಹದಿಮೂರು, ಹದಿನಾಲ್ಕರ ಹುಡುಗರ ದನಿ ಒಡೆಯುತ್ತಿರುತ್ತದೆ. ಮೇಲಿನ ಸ್ವರ ಹೋಗಿರುತ್ತದೆ, ಕೆಳಗಿನದು ಇನ್ನೂ ಗಟ್ಟಿಯಾಗಿರುವುದಿಲ್ಲ. ಅವರನ್ನು ಟೆನರ್ (ಗಂಡುದನಿಯ ಮೇಲಿನ ಭಾಗ), ಬೇಸ್ (ಕೆಳಗಿನ ಭಾಗ) ಎಂದು ಒಡೆದರೆ ಎರಡೂ ಸೊರಗುತ್ತವೆ.

ಆದ್ದರಿಂದ ಸ್ವರಲಿಪಿಯ ಪುಸ್ತಕ ಕೊಳ್ಳುವಾಗ ಹಾಡಿನ ಹೆಸರಿನಷ್ಟೇ ಮುಖ್ಯವಾಗಿ ಅದರ ಪಕ್ಕದ ಸಣ್ಣ ಅಕ್ಷರ ಓದಿ. ‘ದೋಸೇ ನಿಬು’ ಎಂದಿದ್ದರೆ ಒಂದೇ ಬಗೆಯ ದನಿಗಳಿಗೆ ಎರಡು ಭಾಗ: ಪ್ರಾಥಮಿಕ ಶಾಲೆಯ ಮಕ್ಕಳಿಗೆ, ಹೆಂಗಸರ ಗುಂಪಿಗೆ ಸರಿ. ‘ಕೊನ್ಸೇ ಸಾಂಬು’ ಮೇಲೆ ಹೇಳಿದ ಮಿಶ್ರ ಮೂರು ಭಾಗ. ‘ಕೊನ್ಸೇ ಯೊಂಬು’ ನಾಲ್ಕು ಭಾಗ. ಒಂದೇ ಹಾಡು ಈ ಮೂರೂ ರೂಪಗಳಲ್ಲಿ ಸಿಗುವುದುಂಟು. ತಪ್ಪು ರೂಪ ತಂದು, ಅಭ್ಯಾಸ ಅರ್ಧ ಮುಗಿದ ಮೇಲೆ ಬದಲಿಸುವುದು ಬಹಳ ಕಷ್ಟ.

‘ದಾಯ್ಚಿ ಸಾನ್ಶೋ’ ಕೇಳಿದವರಿಗೆ ಅದನ್ನೇ ಹಾಡಬೇಕೆನಿಸುವುದು ಸಹಜ. 1962ರ ‘ತ್ಸುಚಿ ನೋ ಉತಾ’ ಎಂಬ ಏಳು ಖಂಡಗಳ ಗಾಯನ ಕೃತಿಯ ಕೊನೆಯ ಖಂಡ ಅದು. ಸಾಹಿತ್ಯ ಓಕಿ ಅತ್ಸುವೊ ಅವರದು, ಸಂಗೀತ ಸಾತೋ ಶಿನ್ ಅವರದು. ಅದೇ ಕೃತಿಯ ಮೂರನೆಯ ಖಂಡದ ಹೆಸರು ‘ಸಾವಿನ ಬೂದಿ’. ಅಣುಬಾಂಬಿನ ಆ ಬೂದಿಯನ್ನು ದಾಟಿ ಬಂದು ನೆಲವನ್ನು ಕೊಂಡಾಡುವುದರಿಂದಲೇ ಆ ಕೊನೆಗೆ ಅಷ್ಟು ತೂಕ. ಆದರೆ ಅದು ನಾಲ್ಕು ದನಿಭಾಗದ್ದು, ಬಿ ಮೇಜರ್ ಎಂಬ, ಐದು ಶಾರ್ಪ್ (ಏರಿಸಿದ ಸ್ವರ) ಇರುವ ಸ್ವರಶ್ರೇಣಿಯಲ್ಲಿದೆ, ಬೇಸ್ ಗಟ್ಟಿ ಇಲ್ಲದಿದ್ದರೆ ನಿಲ್ಲುವುದೇ ಇಲ್ಲ. ಇಡೀ ತರಗತಿಗಳೇ ಸೇರಿ ಹಾಡುವ ಶಾಲೆಗೆ ಅದು ಒಪ್ಪುತ್ತದೆ. ಹದಿನೈದು ಜನರ ನಮ್ಮ ಕೂಟಕ್ಕೆ ಬೇಡ.

ಎಲ್ಲ ವಯಸ್ಸಿನವರು ಸೇರುವ ಕೂಟಕ್ಕೆ ನಮ್ಮ ಮೊದಲ ಶಿಫಾರಸು 1914ರ ‘ಫುರುಸಾತೊ’. ಮೂರು ಮಾತ್ರೆಯ ನಡೆ, ಸುಮಾರು ಒಂದು ಸ್ಥಾಯಿಯೊಳಗೇ ಓಡಾಡುವ ರಾಗ, ಹುಟ್ಟೂರನ್ನು ನೆನೆಯುವ ಸಾಹಿತ್ಯ. ಜಪಾನಿ ಅತಿಥಿಗಳು ಪುಸ್ತಕವಿಲ್ಲದೆ ದನಿಗೂಡಿಸುತ್ತಾರೆ. 1971ರ ‘ತ್ಸುಬಾಸಾ ವೊ ಕುದಾಸಾಯ್’ ಕೂಡ ಹಾಗೆಯೇ. ಚರಣವನ್ನು ಎಲ್ಲರೂ ಒಂದೇ ದನಿಯಲ್ಲಿ ಹಾಡಿ, ಪಲ್ಲವಿಯಲ್ಲಿ ಮಾತ್ರ ಎರಡಾಗಬಹುದು. 1884ರ ‘ಆವೊಗೆಬಾ ತೋತೋಶಿ’ ಗಂಭೀರವಾದದ್ದು, ಆದರೆ ಅದರ ಕೊನೆಯ ಸಾಲಿನ ನಡುವೆ ಒಂದು ಸ್ವರವನ್ನು ತಾಳ ನಿಲ್ಲಿಸಿ ಹಿಡಿಯಬೇಕು. ಕೈ ತೋರಿಸುವವರಿಲ್ಲದಿದ್ದರೆ ಅಲ್ಲಿ ಸಭೆ ಚದುರುತ್ತದೆ. ಧ್ವನಿಮುದ್ರಿತ ಹಿನ್ನೆಲೆಯಂತೂ ಯಾರಿಗೂ ಕಾಯುವುದಿಲ್ಲ. ಪಿಯಾನೊ ನುಡಿಸುವವರಿದ್ದರೆ ಮಾತ್ರ ಈ ಹಾಡನ್ನು ಎತ್ತಿಕೊಳ್ಳಿ.

ಗಾಯಕಿ ಆಂಜೆಲಾ ಆಕಿಯವರ ‘ತೆಗಾಮಿ’ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ 2008ರ ಶಾಲಾ ಗಾಯನ ಸ್ಪರ್ಧೆಯಲ್ಲಿ ಮಾಧ್ಯಮಿಕ ವಿಭಾಗದ ಕಡ್ಡಾಯ ಹಾಡಾಗಿತ್ತು. ಹದಿನೈದರ ಹರೆಯದವರನ್ನು ಕುರಿತದ್ದಾದ್ದರಿಂದ ಆ ಹಂತದ ಬೀಳ್ಕೊಡುಗೆಗೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ತೊಡಕು ರಾಗದ್ದಲ್ಲ, ಒತ್ತೊತ್ತಾಗಿ ಬರುವ ಅಕ್ಷರಗಳದ್ದು. ಮೊದಲು ರಾಗವಿಲ್ಲದೆ ತಾಳಕ್ಕೆ ಮಾತನ್ನಷ್ಟೇ ಹೇಳಿಸಿ.

‘ಗುಂಜೋ’ ಮತ್ತು ‘ಹಾನಾ ವಾ ಸಾಕು’ ಬೇರೆ ಸಾಲಿನವು, ಎರಡೂ 2011ರ ದುರಂತದ ನಂತರ ಹುಟ್ಟಿದವು. 2011ರ ಭೂಕಂಪ ಮತ್ತು ಅಣುಸ್ಥಾವರದ ದುರಂತದಿಂದ ಚದುರಿಹೋದ, ಫುಕುಶಿಮಾದ ಒದಾಕಾ ಮಾಧ್ಯಮಿಕ ಶಾಲೆಯ ಮಕ್ಕಳ ಮಾತುಗಳನ್ನೇ ಪೋಣಿಸಿ ಶಿಕ್ಷಕಿ ಒದಾ ಮಿಕಿ ‘ಗುಂಜೋ’ ಕಟ್ಟಿದರು. ಮಾರ್ಚ್ 11ರ ಆಸುಪಾಸಿನಲ್ಲಿ ಹಾಡುವಾಗ ಈ ಹಿನ್ನೆಲೆಯನ್ನು ಎರಡು ವಾಕ್ಯದಲ್ಲಾದರೂ ಸಭೆಗೆ ಹೇಳಿ. ಊಟ, ನಗೆಯ ನಡುವೆ ತುರುಕುವ ಹಾಡುಗಳಲ್ಲ ಇವು.

ಅಭ್ಯಾಸದಲ್ಲಿ ಹೆಚ್ಚು ಕೆಡುವುದು ಆಲ್ಟೊ. ನಾವು ಬೆಳೆದದ್ದೇ ಎಲ್ಲರೂ ಒಂದೇ ರಾಗ ಹಾಡುವ ಭಜನೆ, ಭಾವಗೀತೆಗಳಲ್ಲಿ. ಪಕ್ಕದಲ್ಲಿ ಮುಖ್ಯ ರಾಗ ಕೇಳಿದೊಡನೆ ದನಿ ಅತ್ತ ಜಾರುತ್ತದೆ. ಆಲ್ಟೊದವರು ತಮ್ಮ ಭಾಗವನ್ನು ಪ್ರತ್ಯೇಕವಾಗಿ ಕಲಿತು, ಬಾಯಿಪಾಠವಾದ ಮೇಲೆಯೇ ಉಳಿದವರೊಡನೆ ಕೂಡಲಿ. ಒಂದು ಭಾಗಕ್ಕೆ ಶ್ರುತಿ ಬಿಡದ ಮೂವರಾದರೂ ಇಲ್ಲದಿದ್ದರೆ ಭಾಗ ಮಾಡಲೇಬೇಡಿ. ಒಂದೇ ದನಿಯಲ್ಲಿ ಚೆನ್ನಾಗಿ ಹಾಡಿದ ‘ಫುರುಸಾತೊ’ ಅಲುಗಾಡುವ ಮೂರು ಭಾಗಕ್ಕಿಂತ ಎಷ್ಟೋ ಮೇಲು.

ಸಾಹಿತ್ಯವನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಹ್ರಸ್ವ, ದೀರ್ಘ ನಮ್ಮ ಲಿಪಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಒಂದೇ ಎಚ್ಚರಿಕೆ: ‘ನ್’ ಜಪಾನಿಯಲ್ಲಿ ಬಿಡಿ ಅಕ್ಷರ, ಸಾಮಾನ್ಯವಾಗಿ ಅದಕ್ಕೆ ತನ್ನದೇ ಸ್ವರವಿರುತ್ತದೆ. ‘ಸೆನ್ಸೇ’ ಎಂದು ಒತ್ತಕ್ಷರ ಬರೆದರೆ ಬಾಯಿ ಎರಡೇ ಅಕ್ಷರವೆಂದು ಓಡುತ್ತದೆ. ‘ಸೆ-ನ್-ಸೆ-ಇ’ ಎಂದು ಬಿಡಿಸಿ ಬರೆಯಿರಿ.

ಹಕ್ಕಿನ ವಿಷಯ. ಲಾಭದ ಉದ್ದೇಶವಿಲ್ಲದೆ, ಟಿಕೆಟ್ ಇಲ್ಲದೆ, ಹಾಡುವವರಿಗೆ ಸಂಭಾವನೆಯೂ ಇಲ್ಲದೆ ನಡೆಯುವ ಸಾರ್ವಜನಿಕ ಗಾಯನಕ್ಕೆ ಜಪಾನಿನ ಕಾಪಿರೈಟ್ ಕಾಯಿದೆಯ 38ನೇ ವಿಧಿಯಂತೆ ಅನುಮತಿ ಬೇಕಿಲ್ಲ. ಇದು ಹಾಡುವುದಕ್ಕಷ್ಟೇ ಅನ್ವಯ. ಒಂದು ಪುಸ್ತಕ ಕೊಂಡು ಇಪ್ಪತ್ತು ಜೆರಾಕ್ಸ್ ತೆಗೆಯುವುದಕ್ಕೆ ಈ ವಿನಾಯಿತಿಯಿಲ್ಲ. ‘ಫುರುಸಾತೊ’ದ ಮೂಲ ಈಗ ಎಲ್ಲರ ಸ್ವತ್ತಾದರೂ ಅದರ ಹೊಸ ಜೋಡಣೆಗೆ ಬೇರೆ ಹಕ್ಕುದಾರರಿರಬಹುದು. ವಿಡಿಯೊ ಜಾಲಕ್ಕೆ ಏರಿಸುವುದಾದರೆ ಸಿಡಿಯ ಹಿನ್ನೆಲೆ ಬಳಸಬೇಡಿ. ಆ ಧ್ವನಿಮುದ್ರಣದ ಹಕ್ಕು ಹಾಡಿನ ಹಕ್ಕಿಗಿಂತ ಬೇರೆ, ಅದಕ್ಕೆ ಮುದ್ರಿಸಿದ ಕಂಪನಿಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.