ಪೈಥಾನ್ ಲ್ಯಾಬ್‌ನಲ್ಲಿ ಟೆಸ್ಟ್ ಬರೆಯುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಕಾಲೇಜುಗಳ ಪೈಥಾನ್ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಸರಿಯಾದ ಔಟ್‌ಪುಟ್ ತೋರಿಸುವುದಕ್ಕಷ್ಟೇ ಅಲ್ಲ, ಆಟೊಮೇಟೆಡ್ ಟೆಸ್ಟ್ (ಪ್ರೋಗ್ರಾಂ ಸರಿಯಿದೆಯೇ ಎಂದು ತಾನೇ ಪರೀಕ್ಷಿಸುವ ಕೋಡ್) ಬರೆಯುವುದಕ್ಕೂ ಅಂಕ ಇರಬೇಕು. ಅದರಲ್ಲೂ ಮತ್ತೆ ಮತ್ತೆ ಬಳಸಬಹುದಾದ ಟೆಸ್ಟ್.

ಪೈಥಾನ್‌ನಲ್ಲಿ ಟೆಸ್ಟ್ ಬರೆಯಲು ಬಳಸುವ ಪೈಟೆಸ್ಟ್ ಎಂಬ ಸಾಧನದಲ್ಲಿ ಮೊದಲು ಕಲಿಸಬೇಕಾದದ್ದು ಫಿಕ್ಸ್‌ಚರ್, ಅಂದರೆ ಟೆಸ್ಟ್‌ಗೆ ಬೇಕಾದ ಸಿದ್ಧತೆ ಮಾಡಿಕೊಡುವ ಫಂಕ್ಷನ್. ಲಾಗಿನ್, ಡೇಟಾಬೇಸ್ ಸಂಪರ್ಕದಂಥ ಸಿದ್ಧತೆಯನ್ನು ಪ್ರತಿ ಟೆಸ್ಟ್‌ಗೂ ನಕಲು ಮಾಡದೆ ‘ಕಾನ್ಫ್‌ಟೆಸ್ಟ್’ ಎಂಬ ಫೈಲ್‌ನಲ್ಲಿ ಒಮ್ಮೆ ಬರೆದಿಟ್ಟರೆ, ಆ ಫೋಲ್ಡರ್ ಮತ್ತು ಒಳಗಿನ ಫೋಲ್ಡರ್‌ಗಳ ಟೆಸ್ಟ್‌ಗಳಿಗೆಲ್ಲ ಇಂಪೋರ್ಟ್ ಇಲ್ಲದೆಯೇ ಸಿಗುತ್ತದೆ. ಫಿಕ್ಸ್‌ಚರ್‌ನೊಳಗೆ, ಟೆಸ್ಟ್‌ಗೆ ಸರದಿ ಬಿಟ್ಟುಕೊಡುವ ‘ಯೀಲ್ಡ್’ ಪದಕ್ಕಿಂತ ಮೊದಲಿನ ಸಾಲುಗಳು ಸಿದ್ಧತೆ, ನಂತರದವು ಸ್ವಚ್ಛಗೊಳಿಸಲು. ಟೆಸ್ಟ್ ಫೇಲಾದರೂ ಅವು ನಡೆಯುತ್ತವೆ.

ಹೆಚ್ಚಿನವರು ಎಡವುವುದು ಸ್ಕೋಪ್‌ನಲ್ಲಿ, ಅಂದರೆ ಒಮ್ಮೆ ಮಾಡಿದ ಸಿದ್ಧತೆ ಎಷ್ಟು ಹೊತ್ತು ಉಳಿಯಬೇಕು ಎಂಬುದರಲ್ಲಿ. ಏನೂ ಹೇಳದಿದ್ದರೆ ಫಿಕ್ಸ್‌ಚರ್ ಪ್ರತಿ ಟೆಸ್ಟ್‌ಗೂ ಹೊಸದಾಗಿ ಓಡುತ್ತದೆ. ವೇಗದ ಆಸೆಗೆ ಎಲ್ಲವನ್ನೂ ಎಲ್ಲ ಟೆಸ್ಟ್‌ಗಳಿಗೂ ಒಂದೇ ಸಿದ್ಧತೆ ಉಳಿಯುವ ‘ಸೆಷನ್’ ಸ್ಕೋಪ್‌ಗೆ ಹಾಕಿದರೆ, ಒಂದು ಟೆಸ್ಟ್ ಸೇರಿಸಿದ ದಾಖಲೆ ಮುಂದಿನದಕ್ಕೂ ಉಳಿದುಬಿಡುತ್ತದೆ. ಆಗ ಆ ದಾಖಲೆಯನ್ನು ನೆಚ್ಚಿದ ಟೆಸ್ಟ್ ಒಟ್ಟಿಗೆ ಓಡಿಸಿದರೆ ಪಾಸ್, ಒಂಟಿಯಾಗಿ ಓಡಿಸಿದರೆ ಫೇಲ್. ಕಾರಣ ಹುಡುಕುವುದು ತೀರಾ ಕಷ್ಟ. ಸಂಪರ್ಕ ಮಾತ್ರ ಸೆಷನ್‌ಗೆ ಒಂದಿರಲಿ. ಟೆಸ್ಟ್ ಮುಗಿದೊಡನೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗಲಿ, ಅಂದರೆ ಡೇಟಾಬೇಸ್‌ನಲ್ಲಿ ಅದು ಮಾಡಿದ ಬದಲಾವಣೆಗಳು ರದ್ದಾಗಲಿ.

ಹಲವು ಮಾಹಿತಿಗಳನ್ನು ಫಾರ್ ಲೂಪ್‌ನಲ್ಲಿ ಪರೀಕ್ಷಿಸಿದರೆ ಮೊದಲ ತಪ್ಪಿಗೇ ನಿಲ್ಲುತ್ತದೆ. ಒಂದೇ ಟೆಸ್ಟನ್ನು ಪಟ್ಟಿಯ ಪ್ರತಿ ಮಾಹಿತಿಗೂ ಪ್ರತ್ಯೇಕವಾಗಿ ಓಡಿಸುವ ‘ಪ್ಯಾರಾಮೆಟ್ರೈಜ್’ ಬಳಸಿದರೆ ಪ್ರತಿಯೊಂದರ ಫಲಿತಾಂಶವೂ ಬೇರೆಯಾಗಿ ಕಾಣುತ್ತದೆ. ಆ ಪಟ್ಟಿಯಲ್ಲಿ ಕನ್ನಡದ ಹೆಸರುಗಳೂ ಇರಲೇಬೇಕು. ‘ಕನ್ನಡ’ ನಮಗೆ ಮೂರು ಅಕ್ಷರ. ಪಠ್ಯದ ಉದ್ದ ಎಣಿಸುವ ಪೈಥಾನ್‌ನ ‘ಲೆನ್’ ಲೆಕ್ಕದಲ್ಲಿ 5, ಏಕೆಂದರೆ ಅದು ‘ನ್ನ’ದಲ್ಲಿನ ನ, ಹಲಂತ ಚಿಹ್ನೆ, ಮತ್ತೊಂದು ನ ಮೂರನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಇಟ್ಟು ಪರೀಕ್ಷಿಸಿದ ಅರ್ಜಿ ನಮೂನೆ, ಕನ್ನಡದ ಉದ್ದ ಹೆಸರನ್ನು ನಡುವೆ ಕತ್ತರಿಸುವುದು ಇದೇ ಕಾರಣಕ್ಕೆ. ಪಠ್ಯಕ್ರಮ ರೂಪಿಸುವವರು ಇದನ್ನು ಗಮನಿಸಬೇಕು.

– ತಂತ್ರಾಂಶ ಪರೀಕ್ಷಕರು, ಬೆಂಗಳೂರು