ಕೆಳಗಿನಮನೆಯವರಿಗೆ, ಕೇರಿಯ ಎಲ್ಲರಿಗೆ

ಅಂಟಾರ್ಕ್ಟಿಕದಿಂದ ಶಿರಸಿಗೆ ಮರಳಿ ಒಂದು ತಿಂಗಳಾಯಿತು. ನಾನಿಲ್ಲದಾಗ ನಮ್ಮ ಮನೆಯನ್ನೂ ತೋಟವನ್ನೂ ನೋಡಿಕೊಂಡಿದ್ದಕ್ಕೆ ಒಬ್ಬೊಬ್ಬರ ಮನೆಗೂ ಹೋಗಿ ಧನ್ಯವಾದ ಹೇಳಬೇಕು ಅಂದುಕೊಂಡಿದ್ದೆ. ಹೇಳಲು ಬಾಯಿ ತೆರೆದರೆ ಸಾಕು, "ಅದ್ರಲ್ಲೇನು, ಬಿಡು ಮಾರಾಯ" ಅನ್ನುತ್ತೀರಿ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ನಾನಿದ್ದದ್ದು ಅಲ್ಲಿ ಭಾರತದ ಸಂಶೋಧನಾ ನೆಲೆಯಾದ ಮೈತ್ರಿಯಲ್ಲಿ. 1989ರಿಂದ ನಮ್ಮ ದೇಶದವರು ಅಲ್ಲಿದ್ದಾರೆ. ಹವೆ ನೋಡಿ ಬರೆಯುವುದು, ಬಿಸಿಲಿನ ಕೆಟ್ಟ ಕಿರಣಗಳನ್ನು ಮೇಲೆಯೇ ತಡೆಯುವ ಓಜೋನ್ ಅನಿಲವನ್ನು ಅಳೆಯುವುದು ನನ್ನ ಕೆಲಸ. ದೊಡ್ಡ ಬಲೂನಿಗೆ ಸಣ್ಣ ಪೆಟ್ಟಿಗೆ ಕಟ್ಟಿ ಬಿಡುತ್ತೇವೆ. ಪೆಟ್ಟಿಗೆಯಲ್ಲಿ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಮತ್ತು ಗಾಳಿ ಎಳೆಯುವ ಪುಟ್ಟ ಪಂಪು ಇರುತ್ತವೆ. ಓಜೋನ್ ಸೇರಿದಾಗ ದ್ರಾವಣದಲ್ಲಿ ತುಸು ವಿದ್ಯುತ್ ಹುಟ್ಟುತ್ತದೆ. ಅದನ್ನು ನೋಡಿ ಯಾವ ಎತ್ತರದಲ್ಲಿ ಎಷ್ಟು ಓಜೋನ್ ಇದೆ ಅಂತ ಲೆಕ್ಕ ಹಾಕುತ್ತೇವೆ. ಸುಮಾರು 30 ಕಿಲೋಮೀಟರ್ ಮೇಲೆ ಬಲೂನು ಒಡೆದುಹೋಗುತ್ತದೆ. ಅಕ್ಟೋಬರಿನ ಒಂದು ದಿನ, 15ರಿಂದ 20 ಕಿಲೋಮೀಟರ್ ಎತ್ತರದ ನಡುವೆ ಓಜೋನಿನ ಗೆರೆ ಸೊನ್ನೆಯ ಹತ್ತಿರಕ್ಕೆ ಇಳಿದಿತ್ತು. ಪುಸ್ತಕದಲ್ಲಿ ಓದಿದ್ದೇ ಆದರೂ ಎದೆ ಝಲ್ ಅಂದಿತು.

ಆದರೆ ಒಂದು ದಿನದ ಅಳತೆಗೆ ಬೆಲೆ ಬರುವುದು ಹಿಂದಿನ ಅಳತೆಗಳು ಇದ್ದಾಗಲೇ. ಅಂಟಾರ್ಕ್ಟಿಕದಲ್ಲೇ ಹ್ಯಾಲಿ ಬೇ ಎಂಬಲ್ಲಿ ಬ್ರಿಟಿಷರು 1956ರಿಂದ ವರ್ಷ ವರ್ಷವೂ ಓಜೋನ್ ಅಳೆದರು. ಆ ಹಳೆಯ ಲೆಕ್ಕ ಇದ್ದುದಕ್ಕೇ 1985ರಲ್ಲಿ ಅವರ ವಿಜ್ಞಾನಿಗಳಾದ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಮೂವರೂ ಓಜೋನ್ ಕುಸಿದಿದೆ ಅಂತ ಗಟ್ಟಿಯಾಗಿ ಹೇಳಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿದ್ದ, ಓಜೋನ್ ಹಾಳುಮಾಡುವ ಸಿಎಫ್‌ಸಿ ಅನಿಲಗಳಿಗೆ ಕಡಿವಾಣ ಬಿತ್ತು. ಅಂಟಾರ್ಕ್ಟಿಕದ ಮೇಲಿನ ಓಜೋನ್ 1980ರ ಮಟ್ಟಕ್ಕೆ ಬರಲು 2066ರ ಸುಮಾರಾಗುತ್ತದೆ ಅಂತ ಅಂದಾಜು. ಅಲ್ಲಿಯವರೆಗೆ ಯಾರಾದರೂ ಅಳೆಯುತ್ತಲೇ ಇರಬೇಕು, ಅಲ್ವಾ?

ಜುಲೈಯಲ್ಲಿ ಅಪ್ಪ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಫೋನಿನಲ್ಲಿ ಸುದ್ದಿ ಕೇಳಿದಾಗ ನಮ್ಮಲ್ಲಿ ಸೂರ್ಯ ಹುಟ್ಟದೆ ಎರಡು ತಿಂಗಳಾಗಿತ್ತು. ಚಳಿಗಾಲದಲ್ಲಿ ಅಲ್ಲಿಗೆ ವಿಮಾನವೂ ಇಲ್ಲ, ಹಡಗೂ ಇಲ್ಲ. ಬರುತ್ತೇನೆ ಅನ್ನುವ ಮಾತೇ ಇಲ್ಲ. ಆ ದಿನ ನನ್ನ ಪಾಳಿಯನ್ನು ಜೊತೆಯವರು ಕೇಳದೆಯೇ ವಹಿಸಿಕೊಂಡರು. ಅಡುಗೆಯವರು ಮಧ್ಯರಾತ್ರಿ ಬಿಸಿ ಗಂಜಿ ಮಾಡಿಕೊಟ್ಟರು. ಅವರಿಗೂ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಇತ್ತ ಕೆಳಗಿನಮನೆ ಭಾವ ಜಡಿಮಳೆಯಲ್ಲೇ ಅಪ್ಪನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಆಪರೇಷನ್ ಮುಗಿಯುವವರೆಗೆ ಆಸ್ಪತ್ರೆಯಲ್ಲೇ ಇದ್ದರು. ಅತ್ತಿಗೆ ಆಯಿಯ ಜೊತೆ ಮಲಗಿದರು, ಕೊಟ್ಟಿಗೆ ಕೆಲಸವನ್ನೂ ನೋಡಿಕೊಂಡರು. ಅಡಕೆ ತೋಟಕ್ಕೆ ಎರಡನೇ ಸಲ ಕೊಳೆ ರೋಗದ ಮದ್ದು ಹೊಡೆಯುವ ಹೊತ್ತು ಅದು. ಮಳೆ ಅರ್ಧ ದಿನ ಬಿಟ್ಟಿತ್ತಂತೆ. ಯಾರ ತೋಟದಲ್ಲಿ ಕೆಲಸ ಇರಲಿಲ್ಲ? ಆದರೂ ಮೊದಲು ನಮ್ಮ ತೋಟಕ್ಕೆ ಬಂದಿರಿ. ಮರ ಹತ್ತಿ ಮದ್ದು ಹೊಡೆದ ಕೊನೆಗೌಡರು ಕೂಲಿ ಕೇಳಿದ್ದು ಅಪ್ಪ ಎದ್ದು ಕೂತ ಮೇಲೆ. ಈ ಸಲ ನಮ್ಮ ಅಡಕೆ ಉಳಿದಿದ್ದು ನಿಮ್ಮಿಂದ.

ಇನ್ನೊಂದು ಸಂಗತಿ ಮೊನ್ನೆಯಷ್ಟೇ ಕಣ್ಣಿಗೆ ಬಿತ್ತು. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಕ್ಯಾಲೆಂಡರಿನಲ್ಲಿ ಬರೆಯುವುದು ನಿಮಗೆಲ್ಲ ಗೊತ್ತು. ನಾನು ಈ ಕೆಲಸಕ್ಕೆ ಸೇರಲು ಅದೇ ಕಾರಣ. ಜುಲೈ ಹಾಳೆ ತಿರುಗಿಸಿದರೆ ನಡುವೆ ಅಕ್ಷರ ಬದಲಾಗಿದೆ. ದುಂಡಗೆ, ಪೆನ್ಸಿಲಿನಲ್ಲಿ ಬರೆದದ್ದು. ಆರನೇ ಕ್ಲಾಸಿನ ನಮ್ಮ ಕೆಳಗಿನಮನೆ ಕೂಸಿನ ಕೈಬರಹ. ಅಪ್ಪ ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಕೊಡೆ ಹಿಡಿದು ಬಂದು ಅಳೆದಿದ್ದಾಳೆ. ಯಾರೂ ಹೇಳಿರಲಿಲ್ಲವಂತೆ. ಒಂದು ದಿನವೂ ಖಾಲಿ ಬಿಟ್ಟಿಲ್ಲ. ಮಳೆ ಬಾರದ ದಿನ ಸುಮ್ನೆ ಬಿಡದೆ, ಅಲ್ಲಿಯೂ ಚೆಂದ ಮಾಡಿ ಒಂದು ಸೊನ್ನೆ ಬರೆದಿದ್ದಾಳೆ.